ಅಜ್ಜಿ ಕರೆದ ಮೂರನೆಯ ಕೂಗು

ಕುಮಟೆಯಲ್ಲಿ ನನ್ನದು ಮೈಕ್‌ಸೆಟ್ ಅಂಗಡಿ. ಸದ್ದು ಎಲ್ಲಿ ಹುಟ್ಟಿತು, ಎಲ್ಲಿ ತಾಗಿ ತಿರುಗಿ ಬಂತು ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಯಾರಾದರೂ ಭೂತ ಕೂಗಿತು ಎಂದರೆ, "ಹೌದಾ? ಮೈಕು ಯಾರ್ದಾಗಿತ್ತು?" ಎಂದು ಕೇಳಿ ನಗುತ್ತಿದ್ದೆ. ಈಗ ನಗುವುದಿಲ್ಲ. ನೀವೂ ನಂಬಲೇಬೇಕೆಂಬ ಹಠ ನನಗಿಲ್ಲ.

ನಮ್ಮ ಮೂಲ ಭಟ್ಕಳದ ಹತ್ತಿರದ ಬೆಳಕೆ. ನನ್ನ ಅಜ್ಜ ಜಟ್ಟಪ್ಪ ಬೊಂಬಾಯಿಯ ಹಡಗೊಂದರಲ್ಲಿ ಖಲಾಸಿಯಾಗಿದ್ದ. ಜಪಾನಿನವರ ಮೇಲಿನ ಯುದ್ಧ ಇನ್ನೇನು ಮುಗಿಯುತ್ತದೆ ಎನ್ನುವ ತಿಂಗಳುಗಳಲ್ಲಿ, ದಂಡಿನ ಸಾಮಾನು ಹೊತ್ತು ಬರ್ಮಾದ ಕಡೆ ಹೊರಟಿದ್ದ ಆ ಹಡಗು ನೀರೊಳಗೆ ಹುದುಗಿಸಿಟ್ಟ ಬಾಂಬು ತಾಗಿ ಮುಳುಗಿತು. ಅಪ್ಪ ಆಗ ಅಜ್ಜಿಯ ಹೊಟ್ಟೆಯಲ್ಲಿ. ಬದುಕಿ ಬಂದ ಹೊನ್ನಾವರದ ಖಲಾಸಿಯೊಬ್ಬ, "ಹಲ್ಗೆ ಹಿಡ್ಕಂಡು ತೇಲ್ತಿದ್ದ. ಆಮೇಲೆ ಕಾಣ್ಲಿಲ್ಲ" ಎಂದಷ್ಟೇ ಹೇಳಿದ. ಆ ಒಂದು ಮಾತಿನ ಮೇಲೆ ಅಜ್ಜಿ ಜೀವಮಾನವಿಡೀ ಕುಂಕುಮ ಇಟ್ಟುಕೊಂಡಳು. ಗಂಡನ ಹೆಸರನ್ನು ಮಾತ್ರ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಆ ಕಾಲದ ಹೆಂಗಸರು ಹೇಳುತ್ತಿರಲಿಲ್ಲ.

ಇಪ್ಪತ್ತು ವರ್ಷಗಳ ಹಿಂದೆ ಡಾಕ್ಟರು ಅಪ್ಪನ ಹೃದಯ ಸೋತಿದೆ ಎಂದರು. ಅಂದಿನಿಂದ ಅಪ್ಪನಿಗೆ ಒಂದೇ ಚಿಂತೆ. "ನಾ ಹೋಗುದ್ರೊಳಗೆ ಅಪ್ಪಂಗೆ ಒಂದ್ ಪಿಂಡ ಇಡ್ಬೇಕು."

ಹೆಣ ಸಿಗದವರಿಗೆ ದರ್ಭೆಯ ಬೊಂಬೆ ಮಾಡಿ ಸುಡಬೇಕು ಎಂದರು ಭಟ್ಟರು. ಅದಕ್ಕೂ ಮೊದಲು ಸಮುದ್ರಕ್ಕೆ ಮುಖ ಮಾಡಿ, ಹೆಸರು ಹಿಡಿದು ಮೂರು ಸಲ ಕರೆಯಬೇಕು. ಓ ಎನ್ನುವವರಿಲ್ಲ ಎಂದಾದರೆ ಸತ್ತ ಲೆಕ್ಕ. ಬೆಂಕಿ ಇಟ್ಟ ಮೇಲೆ ಅಜ್ಜಿ ಕುಂಕುಮ ಅಳಿಸಬೇಕು. ಅಜ್ಜಿ, "ಆತು ಮಗಾ, ಮಾಡು. ಆದ್ರೆ ನಾನೂ ಬತ್ತೆ" ಎಂದಳು. ಮುದುಕಿಯನ್ನು ಯಾಕಪ್ಪಾ ಗೋಳು ಹೊಯ್ದುಕೊಳ್ಳುತ್ತಾರೆ ಎಂದು ನನಗೆ ಸಿಟ್ಟೇ ಬಂದಿತ್ತು.

ಬೆಳಕೆಯ ದಂಡೆಗೆ ಹೋದೆವು, ನಾವು ಮೂವರು ಮತ್ತು ಭಟ್ಟರು. ಹೊತ್ತು ಇನ್ನೂ ಇಳಿದಿರಲಿಲ್ಲ. ಗಾಳಿಯಿಲ್ಲ, ಕಣ್ಣು ಹಾಯುವಷ್ಟು ದೂರ ಒಂದು ದೋಣಿಯೂ ಇಲ್ಲ. ಅಪ್ಪ ಮೊದಲು "ಅಪ್ಪಾ" ಎಂದು ಕೂಗಿದ. ಹುಟ್ಟಿದಾಗಿನಿಂದ ಯಾರನ್ನೂ ಹಾಗೆ ಕರೆಯದ ಮನುಷ್ಯ. "ಹೆಸ್ರು ಹಿಡ್ದು ಕರೀರಿ" ಎಂದರು ಭಟ್ಟರು. ಅಪ್ಪ "ಜಟ್ಟಪ್ಪಾ" ಎಂದು ಎರಡು ಸಲ ಕೂಗಿದ. ಏನೂ ಇಲ್ಲ. ಮೊದಲಿನ "ಅಪ್ಪಾ" ಎಂಬುದನ್ನೂ ಸೇರಿಸಿ ಮೂರಾಯಿತು ಎಂದುಕೊಂಡ ಭಟ್ಟರು ಕೈಸನ್ನೆ ಮಾಡಿದರು. ಅಪ್ಪ ಬೊಂಬೆಯ ಕಾಲಿಗೆ ಬೆಂಕಿ ಇಟ್ಟ.

"ಎಂತ ಮಾಡ್ತ್ರಿ! ಹೆಸ್ರು ಹಿಡ್ದು ಎರಡೇ ಆತು!" ಎಂದು ಅಜ್ಜಿ ಕಿರುಚಿದಳು. ಮತ್ತೆ ನೀರಿನ ಕಡೆ ತಿರುಗಿ, ಆ ಹೆಸರನ್ನು ತಾನೇ ಕೂಗಿದಳು.

"ಓ" ಎಂಬ ಉತ್ತರ ಬಂತು.

ದೂರದಿಂದ, ನೀರಿನ ಮೇಲಿಂದ. ಇಪ್ಪತ್ತೈದರ ಗಂಡಸಿನ ಗಟ್ಟಿ ಧ್ವನಿ. ನಾನು ಸುತ್ತ ನೋಡುವಷ್ಟರಲ್ಲಿ ಅದೇ ಧ್ವನಿ ಇನ್ನೂ ಹತ್ತಿರದಿಂದ, "ಬಂದೆ, ಬಂ" ಎಂದಿತು. ಬೆಂಕಿ ಬೊಂಬೆಯ ಎದೆಗೆ ಏರಿತು. ಮಾತು ಅರ್ಧಕ್ಕೇ ನಿಂತಿತು.

ಅಜ್ಜಿ ಬರಿಗೈಯಲ್ಲಿ ಬೆಂಕಿ ಬಡಿಯತೊಡಗಿದಳು. ಅವಳನ್ನು ಎಳೆದು ತರುವಷ್ಟರಲ್ಲಿ ಅಂಗೈ ಸುಲಿದುಹೋಗಿತ್ತು. ಭಟ್ಟರು ಚೀಲ ಎತ್ತಿಕೊಂಡು ತಿರುಗಿ ನೋಡದೆ ನಡೆದರು. ಅಪ್ಪ ನನ್ನನ್ನು, "ನಿಂಗೂ ಕೇಳ್ತಾ?" ಎಂದು ಕೇಳಿದ. ಇಲ್ಲ ಎನ್ನಬಹುದಿತ್ತು. "ಕೇಳ್ತು" ಎಂದೆ.

ಆಮೇಲೆ ಅದೇ ಹೊತ್ತಿಗೆ ಅದೇ ಜಾಗಕ್ಕೆ ನನ್ನ ಹಾರ್ನುಗಳನ್ನೇ ಒಯ್ದು ಕೂಗಿಸಿ ನೋಡಿದೆ. ಪ್ರತಿಧ್ವನಿ ಏಳುವ ಜಾಗವೇ ಅಲ್ಲ ಅದು. ಎದ್ದರೂ ಪ್ರತಿಧ್ವನಿ ನಾವು ಹೇಳಿದ್ದನ್ನೇ ಹೇಳುತ್ತದೆ, ಓಗೊಡುವುದಿಲ್ಲ. ಅಜ್ಜಿ ಆ ಮಳೆಗಾಲದಲ್ಲೇ ಹೋದಳು, ಹಣೆಯ ಕುಂಕುಮದೊಂದಿಗೆ. ಅಪ್ಪ ಪಿಂಡದ ಮಾತನ್ನು ಮತ್ತೆಂದೂ ಎತ್ತದೆ ಅವಳ ಹಿಂದೆಯೇ ಹೋದ.

ಈಗ ಅಪ್ಪನ ಶ್ರಾದ್ಧ ನನ್ನ ಪಾಲಿನದು. ತೀರಿಕೊಂಡ ಮೂರು ತಲೆಮಾರಿನವರ ಹೆಸರು ಹೇಳಬೇಕು. ಅಪ್ಪನದಾದ ಮೇಲೆ ಭಟ್ಟರು, "ಅಜ್ಜಂದು?" ಎನ್ನುತ್ತಾರೆ. ಇದ್ದಿದ್ದರೆ ಅಜ್ಜನಿಗೆ ನೂರು ದಾಟಿರುತ್ತಿತ್ತು. ಸತ್ತಿದ್ದಾನೆ ಎನ್ನಲು ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಯಾವಾಗ ಸತ್ತ? ಬರ್ಮಾದ ನೀರಿನಲ್ಲೋ, ಬೆಳಕೆಯ ದಂಡೆಗೆ ಇನ್ನೇನು ಮುಟ್ಟುವಾಗಲೋ? ಹೆಸರು ನಾಲಿಗೆಯ ತುದಿಗೆ ಬಂದಾಗಲೆಲ್ಲ, ಅವನನ್ನು ಸುಟ್ಟವರು ನಾವೇ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಭಟ್ಟರು ಕಾಯುತ್ತಾರೆ. ನಾನು ಮುತ್ತಜ್ಜನ ಹೆಸರು ಹೇಳುತ್ತೇನೆ.