ಹೆರಿಗೆ ವಾರ್ಡಿನ ಹಿಂದಿನ ಕಕ್ಕಸು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಬೆಳಗಾದರೆ ಸಗಣಿ ಬಾಚಿ ಡೈರಿಗೆ ಹಾಲು ಹಾಕುವ ಹೆಂಗಸು ನಾನು. ದೆವ್ವ ಗಿವ್ವ ಅಂತ ಕಥೆ ಕಟ್ಟುವಷ್ಟು ಬಿಡುವು ನನಗಿಲ್ಲ. ಕೆ.ಆರ್.ಪೇಟೆ ಕಡೆಯ ಆ ಆಸ್ಪತ್ರೆಯ ಹೆಸರು ಮಾತ್ರ ಕೇಳಬೇಡಿ.

ನನ್ನ ತಂಗಿ ಸವಿತಾಳಿಗೆ ಹೆರಿಗೆಯಾಗಿ ಒಂದು ದಿನವಾಗಿತ್ತು. ಹೊಲಿಗೆ ಹಾಕಿದ್ದರು. ವಾರ್ಡಿಗೆಲ್ಲ ಇದ್ದದ್ದು ಒಂದೇ ಕಕ್ಕಸು. ಥೂ... ಗುಂಡಿ ಅಂಚಿನವರೆಗೆ ತುಂಬಿ ಒಣಗಿತ್ತು. ಮೂಲೆಯಲ್ಲಿ ರಕ್ತದ ಬಟ್ಟೆಗಳು, ಮೇಲೆಲ್ಲ ನೊಣ. ನಲ್ಲಿಯ ಬಾಯಲ್ಲಿ ಜೇಡರ ಬಲೆ. ನಮ್ಮ ಕೊಟ್ಟಿಗೆಯೇ ಎಷ್ಟೋ ವಾಸಿ!

ಅಲ್ಲಿಗೆ ಹೋಗಬೇಕಲ್ಲ ಎಂಬ ಹೇಸಿಗೆಗೆ ಸವಿತಾ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಬೆಳಗಿನಿಂದ ಮೂತ್ರವಾಗಿರಲಿಲ್ಲ, ಕಿಬ್ಬೊಟ್ಟೆ ಕಲ್ಲಾಗಿತ್ತು. ನರ್ಸಮ್ಮ ರೇಗಿದರು.

"ಬೆಳಗಾಗೋದ್ರೊಳ್ಗೆ ಒಂದಕ್ಕೆ ಹೋಗ್ಲಿಲ್ಲ ಅಂದ್ರೆ ಪೈಪ್ ಹಾಕ್ಬೇಕಾಯ್ತದೆ. ಆಮೇಲೆ ಮಂಡ್ಯಕ್ಕೆ ಕಳಿಸ್ಬೇಕಾಯ್ತದೆ, ನೋಡಿ."

ರಾತ್ರಿ ಮೂರು ಗಂಟೆ ಇರಬಹುದು. ಕಕ್ಕಸಿನ ಕಡೆಯಿಂದ ಪರಪರ ಸದ್ದು... ಯಾರೋ ಕಡ್ಡಿಪೊರಕೆಯಲ್ಲಿ ಉಜ್ಜುತ್ತಿದ್ದರು. ನೀರು ಸುರಿಯುತ್ತಿತ್ತು. ಫಿನಾಯಿಲ್ ವಾಸನೆ ಘಮ್ಮೆಂದು ಬಂತು.

"ಅಕ್ಕ, ಯಾರೋ ತೊಳೀತಾವ್ರೆ ಕಣಕ್ಕ... ಈಗ್ಲೇ ಕರ್ಕೊಂಡೋಗು," ಎಂದು ಸವಿತಾ ಪಿಸುಗುಟ್ಟಿದಳು.

ಹೋದೆವು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದ ಒಬ್ಬಳು ಮುದುಕಿ, ಬಗ್ಗಿ ನಿಂತಿದ್ದಳು. ನೆಲ ಬೆಳ್ಳಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಬಕೆಟ್ ತುಂಬ ನೀರು.

"ಬಾ ಮಗ, ತೊಳ್ದಿವ್ನಿ. ಎದ್ರುಕೋಬ್ಯಾಡ."

ಸವಿತಾಳ ತೋಳು ಹಿಡಿದ ಅವಳ ಕೈ ನೋಡಿದೆ. ದಿನಗಟ್ಟಲೆ ನೀರಲ್ಲಿ ನೆನೆದಂತೆ ಬಿಳಿಚಿಕೊಂಡು, ಬೆರಳ ತುದಿಯಲ್ಲಿ ಚರ್ಮ ಸುಲಿದು ಜೋತಾಡುತ್ತಿತ್ತು. ಅಸಹ್ಯವಾಯಿತು. ಆದರೆ ಗರಜು ನಮ್ಮದು. ಅವಳು ಸವಿತಾಳನ್ನು ಒಳಗೆ ಕರೆದುಕೊಂಡಳು, ನಾನು ಬಾಗಿಲ ಆಚೆ ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸವಿತಾ ಉಸ್ಸಪ್ಪಾ ಎಂದದ್ದು ಕೇಳಿಸಿತು. ಅಂತೂ ಆಯಿತಲ್ಲ ಎಂದು ಮನೆದೇವರಿಗೆ ಕೈಮುಗಿದೆ.

ಬೆಳಿಗ್ಗೆ ನರ್ಸಮ್ಮನನ್ನು ಕೇಳಿದೆ. "ರಾತ್ರಿ ಆಯಾ ಎಲ್ಲವ್ರಮ್ಮ? ಪುಣ್ಯಾತ್ಗಿತ್ತಿ!"

"ರಾತ್ರಿ ಆಯಾನಾ? ನಮ್ಗೆ ಹಗಲೊತ್ಗೇ ಗತಿಯಿಲ್ಲ, ಹೋಗಮ್ಮ," ಎಂದು ನಕ್ಕರು.

ಓಡಿ ಹೋಗಿ ನೋಡಿದೆ. ಅದೇ ಗುಂಡಿ. ಅದೇ ಒಣಗಿದ ಹೇಲು, ಅದೇ ಬಟ್ಟೆ, ಅದೇ ನೊಣ. ನಲ್ಲಿಯ ಬಲೆ ಒಂದೆಳೆಯೂ ಹರಿದಿರಲಿಲ್ಲ. ಬಕೆಟ್ಟೇ ಇರಲಿಲ್ಲ. ಹಾಗಾದರೆ ನನ್ನ ತಂಗಿ ಕೂತಿದ್ದು ಎಲ್ಲಿ? ಹಸಿ ಹೊಲಿಗೆಯನ್ನು ತೊಳೆದುಕೊಂಡಿದ್ದು ಯಾವುದರಲ್ಲಿ?

ಗೋಡೆ ಪಕ್ಕ ವಾಂತಿ ಮಾಡಿಕೊಂಡು ವಾರ್ಡಿಗೆ ಬಂದೆ. ಸವಿತಾ ಹಗುರಾಗಿ ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು.

"ಯಾಕಕ್ಕ ಇಂಗಿದ್ದೀಯ? ಆ ಅಜ್ಜಿ ಎಷ್ಟ್ ಒಳ್ಳೇವ್ಳು ಗೊತ್ತಾ... ಬಾಯಾರ್ತದೆ ಅಂದೆ. ಬಕೆಟ್ಟಿಂದ ಒಂದ್ ಚೊಂಬು ತುಂಬಿ, ತಾನೇ ಕುಡ್ಸುದ್ಳು. ಏನ್ ತಣ್ಣಗಿತ್ತಕ್ಕ!"

ಅವಳಿಗೆ ನಾನು ಇವತ್ತಿಗೂ ಏನೂ ಹೇಳಿಲ್ಲ. ತಾಯಿ ಮಗು ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ಅವಳ ಮನೆಗೆ ಹೋದಾಗ, ಬಿಸಿಲಲ್ಲಿ ಬಂದಿದ್ದೀಯ ಅಂತ ನೀರು ತಂದು ಕೊಡುತ್ತಾಳೆ. ಗಂಟಲು ಒಣಗಿದ್ದರೂ, ಬಾಯಾರಿಕೆಯಿಲ್ಲ ಅಂದುಬಿಡುತ್ತೇನೆ.