ಬೀಳೆಂದರೆ ಕಾಡಲ್ಲ

ಅಮೆಜಾನಿನ ನಮ್ಮ ಈ ಹೊಳೆದಂಡೆಯಲ್ಲಿ ಇರಾಸಿಲ್ಡಾಳದು ಖಾರದ ನಾಲಿಗೆ, ಧಾರಾಳದ ಕೈ. ಗಂಡ ಚಿನ್ನದ ಗಣಿಗೆಂದು ಹೋದವನು ಹಿಂತಿರುಗಲಿಲ್ಲ. ಅವನ ಹೆಸರೆತ್ತಿದರೆ, "ಪೀಡೆ ತೊಲಗ್ತು, ಉಣ್ಣೋ ಬಾಯಿ ಒಂದು ಕಮ್ಮಿ ಆಯ್ತು ಬಿಡು" ಎನ್ನುವಳು. ಹಾಗೆಂದವಳೇ ಸತ್ತ ತಂಗಿಯ ಮಗ ಎಡಿವಾನನನ್ನು ತಂದು ಸಾಕಿದಳು. ಜ್ಞಾನಸ್ನಾನದಲ್ಲಿ ಅವನನ್ನು ಎತ್ತಿಕೊಂಡ ಧರ್ಮತಾಯಿಯೂ ಅವಳೇ. ಮರಗೆಣಸು ತುರಿದು, ಹಿಂಡಿ, ಹುರಿದ ಹಿಟ್ಟು ಮಾರಿ ಅವನನ್ನು ಪಟ್ಟಣದಲ್ಲಿ ಓದಿಸಿದಳು.

ನಾವು ಗೆಣಸಿನ ಹೊಲವನ್ನು ಎರಡು ಮೂರು ಬೆಳೆ ತೆಗೆದು ಬೀಳು ಬಿಡುತ್ತೇವೆ. ಮರ ಎದ್ದು, ಮಣ್ಣು ದಣಿವಾರಿಸಿಕೊಂಡ ಮೇಲೆ ಕಡಿದು, ಸುಟ್ಟು, ಮತ್ತೆ ನೆಡುತ್ತೇವೆ. ಮರ ಎಷ್ಟೇ ಎತ್ತರವಿರಲಿ, ಅದು ಹೊಲವೇ. ಕಾಡೆಂದರೆ ಮಕ್ಕಳೂ ನಕ್ಕಾರು.

ಎಡಿವಾನ್ ಇಂಗಾಲದ ಕಂಪನಿಯೊಂದರ ಕೆಲಸ ಹಿಡಿದು ಬಂದು, ಇಗರ್ಜಿಯಲ್ಲಿ ಸಭೆ ಸೇರಿಸಿದ. ದೂರದೇಶದವರ ಕಾರ್ಖಾನೆಗಳು ಹೊಗೆ ಬಿಡುತ್ತವಂತೆ. ಆ ಪಾಪ ತೊಳೆಯಲು, ಕಾಡು ಉಳಿಸುವ ನಮಗೆ ದುಡ್ಡು ಕೊಡುತ್ತಾರಂತೆ.

"ಕಾಡು ಕಡೀಬಾರ್ದು, ಅಷ್ಟೇನಾ?" ಎಂದಳು ಇರಾಸಿಲ್ಡಾ.

"ಅಷ್ಟೇ ಅಮ್ಮ."

"ನಾವು ಯಾವತ್ತು ಕಾಡು ಕಡಿದಿದ್ವಿ? ಪುಕ್ಕಟೆ ಸಿಗ್ತಿದೆ, ಒಪ್ಕೊಳ್ರೋ," ಎಂದು ನಮ್ಮೆಲ್ಲರ ಕೈ ಎತ್ತಿಸಿದವಳು ಅವಳೇ. ನಾನೂ ಎತ್ತಿದೆ. ಅವಳ ಹುಡುಗನೆಂದರೆ ನಮ್ಮ ಹುಡುಗನೇ ಅಲ್ಲವೇ.

ಮುಂದಿನ ಬೇಸಗೆಯಲ್ಲಿ, ಹಳೆಯ ಹೊಲ ಸೋತಿತೆಂದು, ಅವಳು ತನ್ನ ಬೀಳನ್ನು ಕಡಿದಳು. ಆ ಮಳೆಗೆ ನೆಡದಿದ್ದರೆ ಹಿಟ್ಟನ್ನು ಕೊಂಡೇ ತಿನ್ನಬೇಕಿತ್ತು. ಬೆಂಕಿ ಹಾಕುವ ಮೊದಲೇ ಕಂಪನಿಯ ದೋಣಿ ಬಂತು. ಆಕಾಶದಿಂದ ತೆಗೆದ ಚಿತ್ರದಲ್ಲಿ ಬೋಳು ಕಂಡಿತ್ತಂತೆ. ಮುಂದೆ ಒಬ್ಬ ಸಾಹೇಬ, ಹಿಂದೆ ಎಡಿವಾನ್. ಕಾಡು ಕಡಿದಿದ್ದಾಳೆ, ಇನ್ನು ಇಲ್ಲಿ ನೆಡುವಂತಿಲ್ಲ, ಬೇರೆ ಬೀಳನ್ನೂ ಮುಟ್ಟುವಂತಿಲ್ಲ ಎಂದ ಸಾಹೇಬ.

ಇರಾಸಿಲ್ಡಾ ಅವನ ಕಡೆ ನೋಡಲೂ ಇಲ್ಲ. "ಎಡಿವಾನ್, ನೀನೇ ಹೇಳಪ್ಪ. ಇಲ್ಲೇ ಕಳೆ ಕಿತ್ತು ಬೆಳೆದೋನು ನೀನು. ಇದು ಕಾಡಾ, ಬೀಳಾ?"

"ಅವರ ಲೆಕ್ಕದಲ್ಲಿ ಇಷ್ಟೆತ್ತರ ಮರ ಇದ್ರೆ ಕಾಡೇ ಅಮ್ಮ."

"ಸಭೇಲಿ ನಿಂಗಿದು ಗೊತ್ತಿತ್ತಾ?"

ಅವನು ಬೂಟಿನ ಕೆಸರು ನೋಡಿದ. "ಹೇಳಿದ್ರೆ ನೀವ್ಯಾರೂ ಒಪ್ತಿರ್ಲಿಲ್ಲ."

ಪಕ್ಕದಲ್ಲೇ ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. "ಉಂಡ ಮನೆಗೆ ಎರಡು ಬಗೆದ್ಯಲ್ಲೋ. ಇನ್ಮೇಲೆ ನಿಮ್ಮಮ್ಮ ತಿನ್ನೋದೇನು, ಅವರ ಹೊಗೇನಾ?" ಎಂದೆ.

ಹೊರಡುವಾಗ ಎಡಿವಾನ್, ನಮ್ಮ ವಾಡಿಕೆಯಂತೆ ಕೈ ಚಾಚಿ, "ಆಶೀರ್ವಾದ ಮಾಡಮ್ಮ," ಎಂದ. ಧರ್ಮತಾಯಿ ಆ ಕೈ ಹಿಡಿದು, ದೇವರು ಒಳ್ಳೇದು ಮಾಡಲಿ ಎನ್ನಬೇಕು. ಜಗಳವಾಡಿದ ದಿನವೂ ಇದನ್ನು ನಮ್ಮಲ್ಲಿ ಯಾರೂ ತಪ್ಪಿಸುವುದಿಲ್ಲ. ಇರಾಸಿಲ್ಡಾ ತನ್ನ ಕೈಯನ್ನು ಲಂಗಕ್ಕೆ ಒರೆಸಿ, ಬೆನ್ನ ಹಿಂದೆ ಕಟ್ಟಿಕೊಂಡಳು.

"ಅವರ ಲೆಕ್ಕದಲ್ಲಿ ತಾಯಿ ಅಂದ್ರೆ ಯಾರು ಅಂತ ಕೇಳ್ಕೊಂಡು ಬಾ," ಎಂದಳು.