ಸೋಪಿಗೆ ಕೊಟ್ಟ ರಾಗ

ನಮ್ಮ ಓಣಿಯಲ್ಲಿ ಬೆಳಗಾಗುವುದು ಪಕ್ಕದ ಮನೆಯ ಮಾವ ಗಂಟಲು ಸರಿಮಾಡಿಕೊಳ್ಳುವ ಸದ್ದಿನಿಂದ. ಜಾಹೀರಾತಿಗೆ ಹಾಡುವುದು ಅವರ ಕಸುಬು. ಹೊಸ ರಾಗ ಕಟ್ಟುವ ತಾಪತ್ರಯವೇ ಇಲ್ಲ; ತಾಯಿ ಹಾಡುತ್ತಿದ್ದ ಪ್ರಾರ್ಥನೆಗಳ ರಾಗ ತೆಗೆದುಕೊಂಡು, ದೇವರಿದ್ದ ಜಾಗದಲ್ಲಿ ಸೋಪನ್ನೋ ಸೊಳ್ಳೆಬತ್ತಿಯನ್ನೋ ಕೂರಿಸಿಬಿಡುತ್ತಾರೆ. ಕೊಡೆ ಅಂಗಡಿಗೂ ಒಂದು ಭಕ್ತಿ, ಹಲ್ಲುಪುಡಿಗೂ ಒಂದು ಶರಣಾಗತಿ. ಯಾರಾದರೂ ಹೊಗಳಿದರೆ ಮಾತು ಬದಲಿಸುತ್ತಾರೆ. ಆಟೋದ ಮೈಕಿನಲ್ಲಿ ತಮ್ಮದೇ ದನಿ ಎದುರಾದರೆ ಪಕ್ಕದ ಗಲ್ಲಿಗೆ ತಿರುಗುತ್ತಾರೆ. "ದೇವರ ರಾಗಾನೂ ಬಿಡಲಿಲ್ವಲ್ಲ ಮಾವ!" ಎಂದು ನಾನು ಕೆಣಕಿದರೆ, "ಹೊಟ್ಟೆ ಕೇಳ್ಬೇಕಲ್ಲಮ್ಮ. ರಾಗ ಏನೂ ಬೇಜಾರು ಮಾಡ್ಕೊಳಲ್ಲ," ಎನ್ನುತ್ತಾರೆ, ನೆಲ ನೋಡುತ್ತಾ. ಆದರೂ ಸೋಪಿನ ಹಾಡಿಗೂ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿಯೇ ನಿಲ್ಲುತ್ತಾರಂತೆ; ರೆಕಾರ್ಡಿಂಗ್ ಕೋಣೆಯವರಿಗೆ ಅದೊಂದು ನಗೆಪಾಟಲು. ಮೊನ್ನೆ ನಾನು ಹಾಲು ಕೊಡಲು ಹೋದಾಗ, ಹಾಸಿಗೆ ಹಿಡಿದಿರುವ ಅವರ ತಾಯಿ, "ನನ್ನ ಹಾಡು ಒಂದ್ಸಲ ಹೇಳೋ ಮಗಾ, ಮಾತೇ ಮರ್ತೋಗಿದೆ ನಂಗೆ," ಎಂದರು. ಮಾವ ಕಣ್ಣು ಮುಚ್ಚಿದರು. ಮೊದಲ ಸಾಲಿಗೆ ದೇವರೇ ಬಂದ. ಎರಡನೆಯದಕ್ಕೆ 'ಒಂದೇ ಉಜ್ಜಿಗೆ ಬೆಟ್ಟದಷ್ಟು ನೊರೆ' ಎಂದು ಬಂತು. ತಡೆದು, ಮತ್ತೆ ಮೊದಲಿನಿಂದ ಹಿಡಿದರು, ಮತ್ತೆ ನೊರೆಯೇ. ಅಜ್ಜಿ ಮಾತ್ರ ಕೈಮುಗಿದು, "ಹೂಂ, ಅದೇ, ಅದೇ," ಎನ್ನುತ್ತಾ ಆ ನೊರೆಯನ್ನೇ ಮೆಲ್ಲಗೆ, ಭಕ್ತಿಯಿಂದ, ಹಾಡತೊಡಗಿದರು. ಮಾವ ನನ್ನ ಮುಖ ನೋಡದೆ ಎದ್ದರು. "ಅಮ್ಮನ ಓರಗೆಯವ್ರಲ್ಲಿ ಯಾರಿಗಾದ್ರೂ ಗೊತ್ತಿರತ್ತೆ, ಹೋಗಿ ಕೇಳ್ಕೊಂಡು..." ಎನ್ನುತ್ತಾ, ಹೊಸ್ತಿಲ ಬಳಿ ಬಿಟ್ಟಿದ್ದ ಚಪ್ಪಲಿ ದಾಟಿ, ಬರಿಗಾಲಲ್ಲೇ ಬೀದಿಗೆ ಇಳಿದರು.